ಇಷ್ಟು ದೊಡ್ಡ ಕಟ್ಟಡ, ಜಗಲಿ ಎಲ್ಲಿ?

ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿರೋರಿಗೆ, ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಎಲ್ರಿಗೂ ಸ್ವಾಗತ.

ಇವತ್ತು ಕಟ್ಟಡಗಳ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ನಾನು ಓದಿದ್ದು ಆರ್ಕಿಟೆಕ್ಚರ್, ಹೊಟ್ಟೆಪಾಡು ಇಂಟೀರಿಯರ್ ಡಿಸೈನ್. ಅಂಗಡಿ, ಆಫೀಸು, ಮಾಲ್, ಕೆಫೆ, ಇವುಗಳ ಒಳಗೆ ದೀಪ ಎಲ್ಲಿರಬೇಕು, ಗೋಡೆ ಯಾವ ಬಣ್ಣ, ಜನ ಯಾವ ಕಡೆಯಿಂದ ನಡೆದು ಬರಬೇಕು ಅಂತ ಡ್ರಾಯಿಂಗ್ ಮಾಡೋದು ನನ್ನ ಕೆಲಸ.

ನಿಮ್ಮ ಫೋನಲ್ಲೂ ಇಂಥ ರೀಲ್ಸ್ ಬರ್ತಾ ಇರುತ್ತೆ. ಹೂವಿನ ಹಾಗೆ ಅರಳಿರೋ ಮ್ಯೂಸಿಯಂ. ತಿರುಚಿಕೊಂಡು ಮೇಲಕ್ಕೆ ಹೋಗೋ ಟವರ್. ಒಳಗಡೆ ಜಲಪಾತ ಇರೋ ಮಾಲ್. ಹಿನ್ನೆಲೆಯಲ್ಲಿ ಒಂದು ಮ್ಯೂಸಿಕ್, ಕೆಳಗಡೆ ‘ಬೋಲ್ಡ್ ಡಿಸೈನ್’ ಅಂತ ಒಂದು ಸಾಲು. ನಾವು ಲೈಕ್ ಒತ್ತಿ ಮುಂದಕ್ಕೆ ಹೋಗ್ತೀವಿ.

ನನಗೆ ಇಂಥವು ಇಷ್ಟಾನೇ. ಆದ್ರೆ ಬೋಲ್ಡ್ ಅನ್ನೋ ಪದದ ಮೇಲೆ ನನಗೊಂದು ತಕರಾರಿದೆ. ಬೋಲ್ಡ್ ಅಂದ್ರೆ ಧೈರ್ಯ. ಧೈರ್ಯ ಅಂದ್ರೆ ಏನನ್ನೋ ಕಳ್ಕೊಳ್ಳೋಕೆ ತಯಾರಿರೋದು. ದುಡ್ಡಿದ್ದು, ಕಂಪ್ಯೂಟರಲ್ಲಿ ಸಾಫ್ಟ್‌ವೇರ್ ಇದ್ರೆ ಗೋಡೆಯನ್ನ ಹೇಗೆ ಬೇಕಾದ್ರೂ ಬಗ್ಗಿಸಬಹುದು, ಅದ್ರಲ್ಲಿ ಕಳ್ಕೊಳ್ಳೋದೇನು? ಹಾಗಾದ್ರೆ ಕಟ್ಟಡ ಒಂದು ನಿಜವಾಗಿ ಧೈರ್ಯ ತೋರಿಸೋದು ಯಾವಾಗ? ಇವತ್ತು ಇದೇ ಪ್ರಶ್ನೆ.

ನಮ್ಮೂರಿಂದಾನೇ ಶುರು ಮಾಡೋಣ. ಬೆಂಗಳೂರು ಏರ್‌ಪೋರ್ಟ್‌ನ ಟರ್ಮಿನಲ್ 2. ಉದ್ಘಾಟನೆ ಆಗಿದ್ದು 2022ರ ನವೆಂಬರ್‌ನಲ್ಲಿ, ವಿಮಾನಗಳು ಶುರುವಾಗಿದ್ದು 2023ರ ಜನವರಿಯಲ್ಲಿ. ವಿನ್ಯಾಸ ಎಸ್‌ಒಎಂ ಅನ್ನೋ ಅಮೆರಿಕದ ಸಂಸ್ಥೆಯದ್ದು. ಎರಡೂವರೆ ಲಕ್ಷ ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ. ಚಾವಣಿ ಪೂರ್ತಿ ಸಂಸ್ಕರಿಸಿದ ಬಿದಿರಿನ ಪಟ್ಟಿಗಳು. ಅದರ ಸಂದಿಯಿಂದ ಬಿಸಿಲು ಸೋಸಿಕೊಂಡು ಕೆಳಗೆ ಬೀಳುತ್ತೆ, ಹೊಂಗೆ ಮರದ ಕೆಳಗೆ ನಿಂತ ಹಾಗೆ. ಕೇಬಲ್‌ನಲ್ಲಿ ಇಳಿಬಿಟ್ಟ ಗಿಡಗಳು. ಚೆಕ್-ಇನ್ ಮುಗಿಸಿ ಗೇಟ್ ಕಡೆ ಹೋಗೋವಾಗ ಮಧ್ಯದಲ್ಲಿ ಒಂದು ತೋಟಾನೇ ದಾಟಬೇಕು. ‘ಗಾರ್ಡನ್ ಸಿಟಿ’ ಅನ್ನೋ ಹಳೇ ಹೆಸರನ್ನ ಗಂಭೀರವಾಗಿ ತಗೊಂಡು ಕಟ್ಟಿದ ಕಟ್ಟಡ ಅದು. 2023ರಲ್ಲಿ ಪ್ರಿ ವರ್ಸೇ ಅನ್ನೋ ಅಂತರರಾಷ್ಟ್ರೀಯ ಪುರಸ್ಕಾರದಲ್ಲಿ ಒಳಾಂಗಣಕ್ಕೆ ವಿಶೇಷ ಬಹುಮಾನ ಕೂಡ ಬಂತು.

ಚೆನ್ನಾಗಿದೆಯಾ? ತುಂಬಾ ಚೆನ್ನಾಗಿದೆ. ಸಾಮಾನ್ಯವಾಗಿ ಏರ್‌ಪೋರ್ಟ್ ಅಂದ್ರೆ ಹೊಳೆಯೋ ಗ್ರಾನೈಟ್, ಬಿಳಿ ಟ್ಯೂಬ್‌ಲೈಟು, ತಣ್ಣಗೆ ಕೊರೆಯೋ ಎಸಿ. ಅದನ್ನ ಬಿಟ್ಟು ಬಿದಿರು, ಗಿಡ, ಮಣ್ಣಿನ ಬಣ್ಣ ಅಂತ ಹೋಗಿದ್ದಕ್ಕೆ ಮೆಚ್ಚಲೇಬೇಕು.

ಆದ್ರೆ ಆ ತೋಟ ಯಾರಿಗೆ? ನಮ್ಮ ದೇಶದಲ್ಲಿ ಟಿಕೆಟ್ಟು, ಗುರುತಿನ ಚೀಟಿ ತೋರಿಸದೆ ಟರ್ಮಿನಲ್ ಒಳಗೆ ಬಿಡಲ್ಲ. ಅದು ಭದ್ರತೆಯ ನಿಯಮ, ಡಿಸೈನ್ ಮಾಡಿದವರ ತಪ್ಪಲ್ಲ. ಆದ್ರೂ ಪರಿಣಾಮ ಏನು ನೋಡಿ. ಮಗಳನ್ನ ದುಬೈಗೆ ಕಳಿಸೋಕೆ ಹಾವೇರಿಯಿಂದ ಬಂದ ಅಮ್ಮ ಗಾಜಿನ ಬಾಗಿಲ ಹತ್ರ ನಿಂತು ಕೈಬೀಸಿ, ಹಾಗೇ ವಾಪಸ್ ಹೋಗ್ತಾರೆ. ಊರಿನ ಅತಿ ಸುಂದರವಾದ ತೋಟಗಳಲ್ಲಿ ಒಂದು ಅವರಿಂದ ಒಂದು ಬಾಗಿಲಷ್ಟೇ ದೂರ.

ಇದನ್ನೇ ಸಿಂಗಪುರದ ಚಾಂಗಿ ಏರ್‌ಪೋರ್ಟ್ ಜೊತೆ ಹೋಲಿಸಿ. ಅಲ್ಲಿ 2019ರಲ್ಲಿ ಜ್ಯೂವೆಲ್ ಅಂತ ಒಂದು ಕಟ್ಟಡ ಶುರುವಾಯ್ತು. ವಿನ್ಯಾಸ ಮೋಶೆ ಸಾಫ್ಡಿ ಅವರದ್ದು. ಗಾಜಿನ ದೊಡ್ಡ ಗುಮ್ಮಟ, ಅದರ ನಡುವಿನಿಂದ 40 ಮೀಟರ್ ಕೆಳಕ್ಕೆ ಧುಮುಕೋ ನೀರು, ಸುತ್ತ ಹಂತಹಂತವಾಗಿ ಕಾಡು. ರೀಲ್ಸ್‌ನಲ್ಲಿ ನೀವು ನೋಡಿರೋ ಆ ಜಲಪಾತ ಇದೇ. ಅಲ್ಲೂ ಅಂಗಡಿಗಳಿವೆ, ದುಡ್ಡು ಕೊಟ್ಟು ನೋಡೋ ಜಾಗಗಳೂ ಇವೆ. ಆದ್ರೆ ಜಲಪಾತ ನೋಡೋಕೆ, ಆ ಕಾಡಿನ ದಾರಿಯಲ್ಲಿ ನಡೆಯೋಕೆ ಬೋರ್ಡಿಂಗ್ ಪಾಸ್ ಬೇಡ, ದುಡ್ಡೂ ಬೇಡ. ಕಟ್ಟಡದ ಅತಿ ದುಬಾರಿ ಭಾಗವನ್ನ ಭದ್ರತೆಯ ಗೆರೆಯಿಂದ ಆಚೆ, ಊರಿನ ಕಡೆಗೆ ಇಟ್ಟರು. ಹಾಗಾಗಿ ಪ್ರಯಾಣ ಇಲ್ಲದೋರೂ ಮಕ್ಕಳನ್ನ ಕರ್ಕೊಂಡು ಸುಮ್ನೆ ಬರ್ತಾರೆ.

ಎರಡರಲ್ಲೂ ಗಿಡ, ಎರಡರಲ್ಲೂ ಬೆಳಕು. ವ್ಯತ್ಯಾಸ ಇರೋದು ಬಾಗಿಲು ಎಲ್ಲಿಟ್ಟಿದ್ದಾರೆ ಅನ್ನೋದ್ರಲ್ಲಿ.

ಈಗ ಸ್ವಲ್ಪ ಹಿಂದಕ್ಕೆ, ಪ್ಯಾರಿಸ್‌ಗೆ ಹೋಗೋಣ. ಬೋಲ್ಡ್ ಕಟ್ಟಡಗಳಿಗೆಲ್ಲ ಅಜ್ಜ ಅನ್ನಬಹುದಾದ ಒಂದು ಕಟ್ಟಡ ಅಲ್ಲಿದೆ, ಪಾಂಪಿಡೂ ಸೆಂಟರ್. ಊರಿನ ನಟ್ಟನಡುವೆ, ಕಾರ್ ಪಾರ್ಕಿಂಗ್ ಆಗಿದ್ದ ಒಂದು ಜಾಗದಲ್ಲಿ ಲೈಬ್ರರಿ ಮತ್ತು ಆಧುನಿಕ ಕಲೆಯ ಮ್ಯೂಸಿಯಂ ಕಟ್ಟಬೇಕು ಅಂತ ಸ್ಪರ್ಧೆ ಕರೆದ್ರು. ಬಂದಿದ್ದು 681 ವಿನ್ಯಾಸಗಳು. 1971ರಲ್ಲಿ ಗೆದ್ದೋರು ರೆಂಜೊ ಪಿಯಾನೊ, ರಿಚರ್ಡ್ ರೋಜರ್ಸ್ ಮತ್ತು ಅವರ ಜೊತೆಗಾರ ಜಾನ್‌ಫ್ರಾಂಕೊ ಫ್ರಾಂಕಿನಿ. ಪಿಯಾನೊಗೆ ಆಗ 33 ವರ್ಷ, ರೋಜರ್ಸ್‌ಗೆ 37. ಅಷ್ಟು ದೊಡ್ಡ ಕಟ್ಟಡ ಇಬ್ಬರೂ ಅದಕ್ಕೆ ಮುಂಚೆ ಕಟ್ಟಿರಲಿಲ್ಲ.

ಅವರು ಮಾಡಿದ್ದೇನು ಗೊತ್ತಾ? ನಾವು ಗೋಡೆಯೊಳಗೆ, ಫಾಲ್ಸ್ ಸೀಲಿಂಗ್ ಮೇಲೆ ಬಚ್ಚಿಡೋದನ್ನೆಲ್ಲ ಹೊರಗೆ ಹಾಕಿದ್ರು. ಗಾಳಿಯ ಪೈಪಿಗೆ ನೀಲಿ ಬಣ್ಣ, ನೀರಿಗೆ ಹಸಿರು, ಕರೆಂಟಿಗೆ ಹಳದಿ, ಲಿಫ್ಟು ಎಸ್ಕಲೇಟರ್‌ನಂಥ ಜನ ಓಡಾಡೋ ವ್ಯವಸ್ಥೆಗೆ ಕೆಂಪು. ಎಸ್ಕಲೇಟರ್ ಕೂಡ ಹೊರಗಡೇನೇ, ಗಾಜಿನ ಕೊಳವೆಯೊಳಗೆ, ಕಟ್ಟಡದ ಮುಖದ ಮೇಲೆ ಓರೆಯಾಗಿ ಹತ್ತುತ್ತೆ. ಎಲ್ಲಾ ಹೊರಗೆ ಹೋಗಿದ್ರಿಂದ ಒಳಗಿನ ಮಹಡಿಗಳು ಕಂಬವೇ ಇಲ್ಲದ ಬಯಲಿನ ಥರ ಸಿಕ್ಕವು. 1977ರ ಜನವರಿಯಲ್ಲಿ ಬಾಗಿಲು ತೆರೆದಾಗ ಪ್ಯಾರಿಸ್‌ನವರು ಬೈದಿದ್ದೇ ಬೈದಿದ್ದು. ಇದೇನು ಪೆಟ್ರೋಲ್ ಶುದ್ಧೀಕರಣ ಘಟಕವಾ ಅಂದ್ರು. ರೋಜರ್ಸ್ ಮುಂದೆ ಒಂದು ಕಥೆ ಹೇಳ್ತಿದ್ರು. ಮಳೆಯಲ್ಲಿ ಛತ್ರಿ ಹಿಡಿದಿದ್ದ ಹೆಂಗಸೊಬ್ಬರು ಅವರಿಗೂ ಆಸರೆ ಕೊಟ್ಟರಂತೆ. ಮಾತಿಗೆ ಮಾತು ಬಂದು, ಈ ಕಟ್ಟಡ ಮಾಡಿದ್ದು ನಾನೇ ಅಂದ ತಕ್ಷಣ ಅದೇ ಛತ್ರಿಯಲ್ಲಿ ಒಂದು ಬಾರಿಸಿದ್ರಂತೆ.

ಪಾಂಪಿಡೂ ಅಂದ್ರೆ ಎಲ್ರಿಗೂ ನೆನಪಾಗೋದು ಈ ಪೈಪುಗಳು. ನನ್ನ ಪ್ರಕಾರ ಅದರ ಧೈರ್ಯ ಪೈಪಲ್ಲಿ ಇಲ್ಲ. ಅವರಿಗೆ ಕೊಟ್ಟಿದ್ದು ಪ್ಯಾರಿಸ್ ನಡುವಿನ ಚಿನ್ನದಂಥ ಜಾಗ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಅವರು ಏನೂ ಕಟ್ಟಲಿಲ್ಲ, ಚೌಕ ಅಂತ ಖಾಲಿ ಬಿಟ್ಟರು. ಕಟ್ಟಡದ ಕಡೆಗೆ ಇಳಿಜಾರಾಗಿರೋ ಬಯಲು. ಅಲ್ಲಿ ಕೂತುಕೊಳ್ಳಿ, ಮಲಗಿ, ದೊಂಬರಾಟ ನೋಡಿ, ಬುತ್ತಿ ಬಿಚ್ಚಿ ತಿನ್ನಿ, ಯಾರೂ ಕೇಳಲ್ಲ. ಮೊದಮೊದಲು ಎಸ್ಕಲೇಟರ್ ಹತ್ತಿ ಮೇಲಿಂದ ಊರು ನೋಡೋದಕ್ಕೂ ದುಡ್ಡಿರಲಿಲ್ಲ.

ಇದಕ್ಕೊಂದು ಬೇಜಾರಿನ ಬಾಲವೂ ಇದೆ. 2000ದಲ್ಲಿ ನವೀಕರಣ ಮುಗಿಸಿ ಮತ್ತೆ ತೆರೆದ ಮೇಲೆ ಆ ಎಸ್ಕಲೇಟರ್ ಹತ್ತೋಕೆ ಟಿಕೆಟ್ ಬಂತು. ಪೈಪುಗಳ ಬಣ್ಣ ಹಾಗೇ ಇತ್ತು, ಫೋಟೋದಲ್ಲಿ ಯಾವ ವ್ಯತ್ಯಾಸವೂ ಕಾಣಲ್ಲ. ಆದ್ರೆ ಕಟ್ಟಡ ಕೊಟ್ಟಿದ್ದ ಒಂದು ಮಾತು ಸದ್ದಿಲ್ಲದೆ ವಾಪಸ್ ಹೋಯ್ತು. ಈಗ ಕಟ್ಟಡ ದೊಡ್ಡ ದುರಸ್ತಿಗೆ ಅಂತ ಮುಚ್ಚಿದೆ, 2030ಕ್ಕೆ ಮತ್ತೆ ತೆರೀಬೇಕು ಅನ್ನೋ ಯೋಜನೆ.

ಇನ್ನೊಂದು ಉದಾಹರಣೆ ಬೇಗ ಹೇಳ್ತೀನಿ. ನಾರ್ವೆ ರಾಜಧಾನಿ ಓಸ್ಲೋದಲ್ಲಿ ಒಂದು ಆಪೆರಾ ಹೌಸ್ ಇದೆ, 2008ರದ್ದು, ಸ್ನೊಹೆಟ್ಟಾ ಅನ್ನೋ ಸಂಸ್ಥೆಯ ವಿನ್ಯಾಸ. ಆಪೆರಾ ಅಂದ್ರೆ ಉಳ್ಳವರ ಸಂಜೆ ಅನ್ನೋ ಭಾವನೆ ಎಲ್ಲಾ ಕಡೆ ಇದೆ. ಇವರು ಏನ್ ಮಾಡಿದ್ರು? ಬಿಳಿ ಕಲ್ಲಿನ ಚಾವಣಿಯನ್ನ ನೀರಿನ ಅಂಚಿನವರೆಗೂ ಇಳಿಜಾರಾಗಿ ಇಳಿಸಿದ್ರು. ರಸ್ತೆಯಿಂದ ನಡ್ಕೊಂಡು ಬಂದು ಹಾಗೇ ಚಾವಣಿ ಹತ್ತಿಬಿಡಬಹುದು. ಒಳಗೆ ಹಾಡು ಕೇಳೋಕೆ ಟಿಕೆಟ್, ನೆತ್ತಿಯ ಮೇಲೆ ಕೂತು ಸಮುದ್ರ ನೋಡೋಕೆ ಏನೂ ಬೇಡ. ಆ ಇಳಿಜಾರು ತೆಗೆದ್ರೆ ಕಟ್ಟಡ ನಿಲ್ಲಲ್ಲ. ಅಂದ್ರೆ ಸಾರ್ವಜನಿಕರಿಗೆ ಬಿಟ್ಟ ಜಾಗ ಕೊನೆಗೆ ಅಂಟಿಸಿದ್ದಲ್ಲ, ಅದೇ ಡಿಸೈನ್.

ಸರಿ, ನಮ್ಮೂರಿಗೆ ವಾಪಸ್ ಬರೋಣ.

ಎರಡು ವರ್ಷದ ಹಿಂದೆ ಅಪ್ಪ ಅರಸೀಕೆರೆಯಿಂದ ಬಂದಿದ್ರು. ಒಂದು ಮಾಲ್‌ಗೆ ಕರ್ಕೊಂಡು ಹೋಗಿದ್ದೆ, ಹೆಸರು ಬೇಡ. ಮೂರು ಮಹಡಿ ಎತ್ತರದ ಗಾಜಿನ ಚಾವಣಿ, ಮಧ್ಯದಲ್ಲಿ ಇಳಿಬಿಟ್ಟ ದೊಡ್ಡದೊಂದು ಲೋಹದ ಕಲಾಕೃತಿ. ಅಪ್ಪ ಬಾಯಿಬಿಟ್ಕೊಂಡು ನೋಡಿದ್ರು. ಅವರಿಗೆ ಮಂಡಿ ನೋವು. ಹತ್ತು ನಿಮಿಷ ಆದ್ಮೇಲೆ ಕೂರೋಕೆ ಜಾಗ ಹುಡುಕಿದ್ರು. ಬೆಂಚಿಲ್ಲ. ಕೊನೆಗೆ ಒಂದು ಗಿಡದ ಕಟ್ಟೆ ಮೇಲೆ ಕೂತ್ರು. ಸೆಕ್ಯುರಿಟಿ ಹುಡುಗ ಬಂದ. “ಯಜಮಾನ್ರೇ, ಇಲ್ಲಿ ಕೂರಂಗಿಲ್ಲ, ಮೇಲೆ ಫುಡ್ ಕೋರ್ಟ್‌ಗೆ ಹೋಗಿ” ಅಂದ. ಪಾಪ, ಅವನ ತಪ್ಪೇನೂ ಇಲ್ಲ, ಅವನಿಗೂ ದಿನವಿಡೀ ಕುರ್ಚಿ ಇಲ್ಲ. ಅಪ್ಪ ಎದ್ದು, ಪಂಚೆ ಕೊಡವಿಕೊಂಡು, ನನ್ನ ಕಡೆ ತಿರುಗಿ ಹೇಳಿದ್ರು, “ಇಷ್ಟು ದೊಡ್ಡದು ಕಟ್ಟವ್ರೆ, ಒಂದು ಜಗಲಿ ಕಟ್ಲಿಲ್ವಲ್ಲಮ್ಮ.”

ಜಗಲಿ. ಸಿಟಿಯಲ್ಲೇ ಹುಟ್ಟಿದೋರಿಗೆ ಒಂದು ಮಾತು ಹೇಳ್ತೀನಿ. ಹಳೇ ಮನೆಗಳ ಮುಂದೆ, ಬಾಗಿಲ ಎರಡೂ ಪಕ್ಕ, ಸೂರಿನ ನೆರಳಲ್ಲಿ ಎತ್ತರಿಸಿ ಕಟ್ಟಿರೋ ಕಟ್ಟೆ. ಅದು ಮನೆಯವರ ಜಾಗ, ಮನೆಯವರ ಖರ್ಚು. ಆದ್ರೆ ದಾರಿಹೋಕರು ಬಂದು ಕೂರಬಹುದು. ಬಳೆ ಮಾರೋರು ಬುಟ್ಟಿ ಇಳಿಸಬಹುದು, ಮಳೆ ಬಂದ್ರೆ ನಿಲ್ಲಬಹುದು, ಒಂದು ಲೋಟ ನೀರು ಕೇಳಬಹುದು. ಹಾಗಂತ ಆ ಜಗಲಿ ಎಲ್ಲರದ್ದೂ ಆಗಿತ್ತು ಅಂತ ಸುಳ್ಳು ಹೇಳಲ್ಲ. ಯಾವ ಜಾತಿಯವರು ಜಗಲಿ ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಅನ್ನೋ ಕಟ್ಟಳೆ ಎಷ್ಟೋ ಊರಲ್ಲಿತ್ತು. ಆದ್ರಿಂದ ನನಗೆ ಹಳೇ ಕಾಲ ವಾಪಸ್ ಬೇಡ. ನನ್ನ ಜಾಗದ ಒಂದಿಷ್ಟನ್ನ ಬೀದಿಗೆ ಬಿಡ್ತೀನಿ ಅನ್ನೋ ಆ ಯೋಚನೆ ಮಾತ್ರ ಬೇಕು, ಅದೂ ಈ ಸಲ ನಿಜವಾಗ್ಲೂ ಎಲ್ಲರಿಗೂ.

ಯಾಕಂದ್ರೆ ಇದು ಅಪ್ಪನ ಮಂಡಿ ನೋವಿಗೆ ಮಾತ್ರ ಸಂಬಂಧಿಸಿದ್ದಲ್ಲ. ಔಟರ್ ರಿಂಗ್ ರೋಡ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಯಾವುದಾದ್ರೂ ಟೆಕ್ ಪಾರ್ಕ್ ಗೇಟ್ ಮುಂದೆ ನಿಂತು ನೋಡಿ. ಒಳಗೆ ಲಾಬಿಯಲ್ಲಿ ಇಟಲಿಯ ಸೋಫಾ, ಯಾರೂ ಕೂತಿರಲ್ಲ. ಹೊರಗೆ ಫುಟ್‌ಪಾತಿನ ಅಂಚಲ್ಲಿ, ಬಿಸಿಲಲ್ಲಿ, ಬೈಕ್ ಮೇಲೇ ಕೂತು ಮುಂದಿನ ಆರ್ಡರ್‌ಗೆ ಕಾಯೋ ಡೆಲಿವರಿ ಹುಡುಗರು, ಹುಡುಗೀರು. ನಿಮ್ಮಲ್ಲೇ ಕೆಲವರು ಇದನ್ನ ಹಾಗೇ ಕೂತು ಕೇಳ್ತಿರಬಹುದು. ಅವರಿಗೆ ಬೇಕಾಗಿರೋದು ನೆರಳು, ಕಟ್ಟೆ, ನೀರು, ಒಂದು ಟಾಯ್ಲೆಟ್. ಆ ಕಟ್ಟಡದ ಗಾಜಿಗೆ ಖರ್ಚು ಮಾಡಿದ್ದರ ಮುಂದೆ ಅದು ಎಷ್ಟು ಮಹಾ?

ಮಾಲೀಕರ ಕಡೆ ವಾದ ಇಲ್ಲ ಅಂತಲ್ಲ. ನಾನು ಆ ಮೀಟಿಂಗ್‌ಗಳಲ್ಲಿ ಕೂತಿದೀನಿ. ಒಂದು ಪ್ರಾಜೆಕ್ಟ್‌ನಲ್ಲಿ ನಾವು ಎಂಟ್ರೆನ್ಸ್ ಹತ್ರ ಹನ್ನೆರಡು ಬೆಂಚು ಹಾಕಿದ್ವಿ. ಕ್ಲೈಂಟ್ ಡ್ರಾಯಿಂಗ್ ನೋಡಿ ಪೆನ್ನಲ್ಲಿ ಒಂದೊಂದಾಗಿ ಕಾಟು ಹಾಕಿದ್ರು. ಅವರ ಲೆಕ್ಕ ಸರಳ. ಚದರಡಿಗೆ ಇಷ್ಟು ಬಾಡಿಗೆ. ಬೆಂಚು ಇರೋ ಜಾಗದಲ್ಲಿ ಒಂದು ಕಿಯೋಸ್ಕ್ ಹಾಕಿದ್ರೆ ತಿಂಗಳಿಗೆ ದುಡ್ಡು ಬರುತ್ತೆ. ಕೂತೋರು ಏನೂ ಕೊಳ್ಳಲ್ಲ. ಜೊತೆಗೆ ಕ್ಲೀನಿಂಗ್, ಸೆಕ್ಯುರಿಟಿ. ಕೊನೆಗೆ ಉಳಿದಿದ್ದು ಎರಡು ಬೆಂಚು, ಅವೂ ಮಲಗೋಕೆ ಆಗದ ಹಾಗೆ ಮಧ್ಯದಲ್ಲಿ ಕಬ್ಬಿಣದ ಕೈ ಇರೋವು. ನಾವು ಮಾಡಿದ ಸುರುಳಿ ಆಕಾರದ ಬಣ್ಣದ ಸೀಲಿಂಗ್‌ಗೆ ಮಾತ್ರ ಒಂದು ಪೈಸೆ ಕಡಿಮೆ ಮಾಡಲಿಲ್ಲ. ಬ್ರೋಷರ್‌ನಲ್ಲಿ ‘ಬೋಲ್ಡ್’ ಅಂತ ಬಂತು.

ಒಬ್ಬೊಬ್ಬ ಮಾಲೀಕರ ಒಳ್ಳೇತನಕ್ಕೆ ಇದನ್ನ ಬಿಟ್ರೆ ಆಗಲ್ಲ. ನಿಯಮ ಬೇಕು. ನ್ಯೂಯಾರ್ಕ್ ಇದನ್ನ 1961ರಲ್ಲೇ ಮಾಡಿ ನೋಡ್ತು. ಎಫ್‌ಎಆರ್ ಅಂತ ಒಂದು ಲೆಕ್ಕ ಇದೆ, ನಿಮ್ಮ ಸೈಟಿನ ಅಳತೆಗೆ ಒಟ್ಟು ಎಷ್ಟು ಚದರಡಿ ಕಟ್ಟಬಹುದು ಅನ್ನೋದು. ನಮ್ಮಲ್ಲೂ ಇದೆ. ನ್ಯೂಯಾರ್ಕ್ ಏನ್ ಹೇಳ್ತು ಅಂದ್ರೆ, ನೀವು ಬೀದಿ ಮಟ್ಟದಲ್ಲಿ ಸಾರ್ವಜನಿಕರಿಗೆ ಒಂದು ಚೌಕ ಬಿಟ್ಟುಕೊಡಿ, ನಾವು ಮೇಲೆ ಹೆಚ್ಚು ಕಟ್ಟೋಕೆ ಬಿಡ್ತೀವಿ. ಬಿಲ್ಡರ್‌ಗಳು ಕುಣಿದಾಡಿದ್ರು. ಜಾಗ ಬಿಟ್ಟರು, ಹೆಚ್ಚಿನ ಮಹಡಿ ಕಟ್ಟಿಕೊಂಡ್ರು. ಆದ್ರೆ ಬಿಟ್ಟ ಚೌಕಗಳು ಎಷ್ಟೋ ಕಡೆ ಭಣಭಣ. ಬರೀ ಕಲ್ಲು, ಗಾಳಿ, ಕೂರೋಕೆ ಏನೂ ಇಲ್ಲ.

ಆಗ ವಿಲಿಯಂ ವೈಟ್ ಅನ್ನೋರು ಅದಕ್ಕೆ ಕಾರಣ ಹುಡುಕಿದ್ರು. ಚೌಕಗಳ ಮುಂದೆ ಕ್ಯಾಮೆರಾ ಇಟ್ಟು ಜನ ಏನ್ ಮಾಡ್ತಾರೆ ಅಂತ ದಿನಗಟ್ಟಲೆ ಚಿತ್ರೀಕರಿಸಿದ್ರು. 1980ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ, ಸಿನಿಮಾವನ್ನೂ ತಂದರು. ಅವರು ಕಂಡುಕೊಂಡಿದ್ದು ಕೇಳಿದ್ರೆ ನಗು ಬರುತ್ತೆ. ಜನ ಎಲ್ಲಿ ಕೂರ್ತಾರೆ? ಕೂರೋಕೆ ಎಲ್ಲಿ ಜಾಗ ಇದೆಯೋ ಅಲ್ಲಿ. ಚೌಕದ ಆಕಾರ ಎಷ್ಟು ಚೆಂದ ಅನ್ನೋದಕ್ಕಿಂತ ಕಟ್ಟೆಯ ಎತ್ತರ ಸರಿಯಿದೆಯಾ, ಬಿಸಿಲು ನೆರಳು ಇದೆಯಾ, ಕುರ್ಚಿಯನ್ನ ನಮಗೆ ಬೇಕಾದ ಕಡೆ ಎಳ್ಕೊಳ್ಳಬಹುದಾ, ಹತ್ತಿರದಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತಾ, ಇವೇ ಮುಖ್ಯ ಅಂತ ತೋರಿಸಿದ್ರು. 1975ರಲ್ಲಿ ನಗರ ನಿಯಮ ಬದಲಾಯಿಸ್ತು. ಚೌಕ ಇಷ್ಟು ದೊಡ್ಡದಿದ್ರೆ ಇಷ್ಟು ಉದ್ದದ ಆಸನ ಇರಲೇಬೇಕು ಅಂತ ಬರೆದರು. ಅಪ್ಪ ಒಂದು ಸಾಲಲ್ಲಿ ಹೇಳಿದ್ದನ್ನ ಅಲ್ಲಿ ಕಾನೂನು ಮಾಡೋಕೆ ಹದಿನಾಲ್ಕು ವರ್ಷ ಹಿಡೀತು.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಅಕ್ಕಾ, ನಮ್ಮ ದರ್ಶಿನಿಗಳಲ್ಲಿ ಕುರ್ಚಿನೇ ಇಲ್ವಲ್ಲ, ಅವೂ ಕೆಟ್ಟ ಡಿಸೈನಾ? ಒಳ್ಳೇ ಪ್ರಶ್ನೆ. ಬೆಂಗಳೂರಲ್ಲಿ 1980ರ ದಶಕದಲ್ಲಿ ಶುರುವಾದ ದರ್ಶಿನಿ ನನ್ನ ಪ್ರಕಾರ ಈ ಊರಿನ ಅತಿ ಧೈರ್ಯದ ಇಂಟೀರಿಯರ್. ಅಡುಗೆಮನೆ ಕಣ್ಣೆದುರಿಗೆ. ಬೀದಿಗೆ ಪೂರ್ತಿ ತೆರೆದ ಮುಂಭಾಗ, ಬಾಗಿಲೇ ಇಲ್ಲ. ಎದೆಮಟ್ಟದ ಟೇಬಲ್ಲು, ನಿಂತೇ ತಿನ್ನಬೇಕು. ಕುರ್ಚಿ ತೆಗೆದಿದ್ದು ಜನರನ್ನ ಓಡಿಸೋಕಲ್ಲ, ಸಣ್ಣ ಜಾಗದಲ್ಲಿ ಹೆಚ್ಚು ಜನ ತಿಂದು ಇಡ್ಲಿ ಬೆಲೆ ಕೆಳಗಿರಲಿ ಅಂತ. ಹಾಗಾಗಿ ಮ್ಯಾನೇಜರೂ, ಆಟೋ ಓಡಿಸೋರೂ ಒಂದೇ ಟೇಬಲ್ ಮೇಲೆ ಚಟ್ನಿ ಬಟ್ಟಲು ಇಡ್ತಾರೆ. ಅಂದ್ರೆ ಕುರ್ಚಿ ಎಣಿಸೋದಷ್ಟೇ ಸಾಲಲ್ಲ. ಅದನ್ನ ಇಟ್ಟಿದ್ದು ಅಥವಾ ತೆಗೆದಿದ್ದು ಯಾರ ಅನುಕೂಲಕ್ಕೆ ಅಂತ ಕೇಳಬೇಕು.

ನಮ್ಮೂರಲ್ಲಿ ದೊಡ್ಡ ಮಟ್ಟದಲ್ಲೂ ಒಳ್ಳೇದು ಆಗಿದೆ. ಫ್ರೀಡಂ ಪಾರ್ಕ್ ನೋಡಿ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯಂಥವರನ್ನ ಕೂಡಿಹಾಕಿದ್ದ ಜಾಗ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ್ಮೇಲೆ ಅಲ್ಲಿ ಏನು ಬೇಕಾದ್ರೂ ಕಟ್ಟಬಹುದಿತ್ತು, ಮೆಜೆಸ್ಟಿಕ್‌ಗೆ ಅಷ್ಟು ಹತ್ತಿರದ ಜಾಗ. ಮ್ಯಾಥ್ಯೂ ಆ್ಯಂಡ್ ಘೋಷ್ ಆರ್ಕಿಟೆಕ್ಟ್ಸ್ ಅದನ್ನ ಪಾರ್ಕ್ ಆಗಿ ವಿನ್ಯಾಸ ಮಾಡಿದ್ರು, 2008ರಲ್ಲಿ ಜನರಿಗೆ ತೆರೆಯಿತು. ಕಾವಲು ಗೋಪುರ ಉಳಿಸಿದ್ರು, ಬ್ಯಾರಕ್‌ಗಳ ಗುರುತು ಉಳಿಸಿದ್ರು, ಪ್ರತಿಭಟನೆಗೂ ಜಾಗ ಇಟ್ಟರು. ಜನರನ್ನ ಒಳಗೆ ಕೂಡಿಹಾಕೋಕೆ ಕಟ್ಟಿದ್ದ ಗೋಡೆಯ ಪಕ್ಕ ಈಗ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಕೂತು ಧರಣಿ ಮಾಡ್ತಾರೆ. ಪ್ರತಿಭಟನೆ ಊರಲ್ಲಿ ಅಲ್ಲಿ ಮಾತ್ರ ನಡೀಬೇಕು ಅನ್ನೋ ಈಗಿನ ನಿಯಮದ ಬಗ್ಗೆ ನನಗೆ ಜಗಳ ಇದೆ, ಅದು ಬೇರೆ ಸಂಚಿಕೆ. ಆದ್ರೆ ಆ ಜಾಗವನ್ನ ಮಾರದೇ ಉಳಿಸಿಕೊಂಡಿದ್ದು ಈ ಊರು ಮಾಡಿದ ಒಂದು ದೊಡ್ಡ ಕೆಲಸ.

ಹಾಗಾದ್ರೆ ನಾವೇನು ಮಾಡಬಹುದು? ಮುಂದಿನ ಸಲ ಹೊಸ ಮಾಲು, ಮೆಟ್ರೋ ಸ್ಟೇಷನ್, ಆಸ್ಪತ್ರೆ, ಮ್ಯೂಸಿಯಂ, ಎಲ್ಲಿಗಾದ್ರೂ ಹೋದಾಗ ಮೊದಲು ಫೋಟೋ ತೆಗೀರಿ, ಬೇಡ ಅನ್ನಲ್ಲ. ಆಮೇಲೆ ನಾಲ್ಕು ವಿಷಯ ನೋಡಿ. ಏನೂ ಕೊಳ್ಳದೆ ಎಲ್ಲಿ ಕೂರಬಹುದು? ದುಡ್ಡು ಕೊಡದೆ ನೀರು, ಟಾಯ್ಲೆಟ್ ಸಿಗುತ್ತಾ? ವೀಲ್‌ಚೇರ್‌ನಲ್ಲಿ ಬಂದೋರು ಮುಂಬಾಗಿಲಿಂದಲೇ ಒಳಗೆ ಹೋಗಬಹುದಾ, ಇಲ್ಲಾ ಹಿಂದಿನ ಗೇಟಿಗೆ ಸುತ್ತಬೇಕಾ? ಆ ಕಟ್ಟಡದಲ್ಲೇ ದುಡಿಯೋರು, ಅಂದ್ರೆ ಸೆಕ್ಯುರಿಟಿ, ಕ್ಲೀನಿಂಗ್‌ನೋರು, ಊಟ ಎಲ್ಲಿ ಮಾಡ್ತಾರೆ? ಈ ಕೊನೇದನ್ನ ಅವರನ್ನೇ ಕೇಳಿ. ಎಷ್ಟೋ ಸಲ ಉತ್ತರ ಮೆಟ್ಟಿಲ ಕೆಳಗೆ ಅಂತಲೋ, ಪಾರ್ಕಿಂಗ್‌ನಲ್ಲಿ ಅಂತಲೋ ಬರುತ್ತೆ.

ಆಮೇಲೆ ರಿವ್ಯೂ ಬರೀರಿ. ನಾವು ಕಾಫಿ ಚೆನ್ನಾಗಿಲ್ಲ ಅಂತ ಒಂದು ಸ್ಟಾರ್ ಕೊಡ್ತೀವಿ, ಪಾರ್ಕಿಂಗ್ ಇಲ್ಲ ಅಂತ ಬರೀತೀವಿ. ಕೂರೋಕೆ ಜಾಗ ಇಲ್ಲ ಅಂತಲೂ ಬರೀರಿ. ನಾನು ಕೂರೋ ಮೀಟಿಂಗ್‌ಗಳಲ್ಲಿ ಕ್ಲೈಂಟ್‌ಗಳು ರಿವ್ಯೂ ಓದ್ತಾರೆ, ಸ್ಕ್ರೀನ್‌ಶಾಟ್ ತಂದು ತೋರಿಸ್ತಾರೆ. ನನ್ನ ಡ್ರಾಯಿಂಗ್‌ಗಿಂತ ನಿಮ್ಮ ಎರಡು ಸಾಲಿಗೆ ಅಲ್ಲಿ ಬೆಲೆ ಜಾಸ್ತಿ.

ಆರ್ಕಿಟೆಕ್ಚರ್ ಓದ್ತಿರೋರು ಈ ಸಂಚಿಕೆ ಕೇಳ್ತಿದ್ರೆ ಅವರಿಗೊಂದು ಮಾತು. ಪೆನ್ನಿಂದ ಬೆಂಚಿಗೆ ಕಾಟು ಹಾಕೋರು ಸಿಕ್ಕೇ ಸಿಗ್ತಾರೆ. ಓಸ್ಲೋದವರ ಥರ, ತೆಗೆದ್ರೆ ಕಟ್ಟಡಾನೇ ನಿಲ್ಲದ ಹಾಗೆ ಜಗಲಿಯನ್ನ ಡಿಸೈನ್ ಒಳಗೆ ಹೆಣೀರಿ. ನಾನೂ ಈಗ ಮಾಡ್ತಿರೋ ಒಂದು ಆಸ್ಪತ್ರೆ ಲಾಬಿಯಲ್ಲಿ ಅದನ್ನೇ ಪ್ರಯತ್ನ ಪಡ್ತಿದೀನಿ. ಕಿಟಕಿಯ ಉದ್ದಕ್ಕೂ ಗೋಡೆಯನ್ನೇ ಕಟ್ಟೆ ಮಾಡಿದೀವಿ, ರೋಗಿಯ ಜೊತೆ ಬಂದೋರು ಕಾಲು ಚಾಚಿಕೊಳ್ಳೋ ಅಷ್ಟು ಅಗಲ. ಡ್ರಾಯಿಂಗ್ ಇನ್ನೂ ಪಾಸ್ ಆಗಿಲ್ಲ. ಮುಂದಿನ ವಾರ ಮೀಟಿಂಗ್ ಇದೆ.

ನಿಮ್ಮೂರಲ್ಲಿ ದುಡ್ಡಿಲ್ಲದೆ ನೆಮ್ಮದಿಯಾಗಿ ಅರ್ಧ ಗಂಟೆ ಕೂರಬಹುದಾದ ಒಂದು ಹೊಸ ಕಟ್ಟಡ ಇದ್ರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ಎಲ್ಲಿಂದಾದ್ರೂ ಸರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ ಆರಾಮಾಗಿರಿ, ನಮಸ್ಕಾರ.